ಅಂಗೈಯಲ್ಲಿ ಎಳೆಯುವವು

ಧನುರ್ಮಾಸದ ಚಳಿ. ಬೆಳಗಿನ ಐದು ಗಂಟೆ ಇದ್ದೀತು. ಲಷ್ಕರ್ ಮೊಹಲ್ಲಾದ ನಮ್ಮ ಬೀದಿಗೆ ಹಾಲಿನವನು ಇನ್ನೂ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಸಕ್ಕರೆ ಪಾಕ ಕುದಿಯುತ್ತಿತ್ತು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವುದು ನಮ್ಮ ಅತ್ತೆಯ ಕಾಲದಿಂದ ಬಂದ ರೂಢಿ. ಮರದ ಅಚ್ಚುಗಳನ್ನು ಹಿಂದಿನ ದಿನವೇ ನೀರಿಗೆ ಹಾಕಿರುತ್ತೇವೆ. ಮೊದಲನೆಯದು ಬಸವನ ಅಚ್ಚು. ಅದಕ್ಕೆ ಪಾಕ ಹೊಯ್ಯಬೇಕಾದವರು ಮನೆಯ ಯಜಮಾನರು. ಮಿಕ್ಕ ಕಳಶ, ಮೀನು, ಕಬ್ಬು ಎಲ್ಲ ಹೆಂಗಸರ ಪಾಲು. ಅವತ್ತು ಇವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಹಸಿ ಇರುವಾಗಲೇ ಬಂದು ಮಣೆಯ ಮೇಲೆ ಕುಳಿತರು. ಇವರು ಎಂದರೆ ನಮ್ಮ ಯಜಮಾನರು. ಹೆಸರು ಹೇಳಿ ಅಭ್ಯಾಸವಿಲ್ಲ. ಬರೆಯುವಾಗ ಬೇಕಾಗುತ್ತದೆ ಎಂದು ಒಂದು ಸಲ ಬರೆದುಬಿಡುತ್ತೇನೆ: ವೃಷಭೇಂದ್ರಪ್ಪ.

ಬಾಣಲೆಯ ಹಿಡಿ ಸಡಿಲವಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಸರಿ ಮಾಡಿಸಿದವರಿಲ್ಲ. ಇವರು ಬಲಗೈಯಲ್ಲಿ ಎತ್ತಿ ಬಗ್ಗಿಸುವಾಗ ಅದು ಗಿರಕ್ಕನೆ ತಿರುಗಿತು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟು ಹಿಂದಕ್ಕೆ ಸರಿಯುತ್ತಿದ್ದರು. ಇವರು ಎಡಗೈ ಒಡ್ಡಿದರು. ಎಂಟನೆಯ ವಯಸ್ಸಿಗೆ ದೀಕ್ಷೆ ಕೊಟ್ಟು, ಆ ಪುಟ್ಟ ಅಂಗೈಯಲ್ಲಿ ಲಿಂಗವಿಟ್ಟಾಗ ಗುರುಗಳು ಹೇಳಿದ ಮೊದಲ ಮಾತೇ ಇದಂತೆ: ಬೀಳಿಸಬಾರದು. ಅವತ್ತಿನಿಂದ ಏನೇ ಬೀಳಲಿ, ಆ ಎಡ ಅಂಗೈ ತಾನಾಗಿಯೇ ಮುಂದಕ್ಕೆ ಬರುತ್ತದೆ.

ಪಾಕವೆಲ್ಲ ಅಂಗೈಗೆ ಬಿತ್ತು. ಬಿಸಿನೀರಾದರೆ ಹರಿದುಹೋಗುತ್ತದೆ. ಪಾಕ ಹರಿಯುವುದಿಲ್ಲ, ಕಚ್ಚಿ ಕೂರುತ್ತದೆ. ಸೊಸೆ ಸುಷ್ಮಾ ಓಡಿಬಂದು ಕೈಯನ್ನು ನಲ್ಲಿಯ ಕೆಳಗೆ ಹಿಡಿಯುವಷ್ಟರಲ್ಲಿ ಇವರು ಬಲಗೈಯಿಂದ ಅದನ್ನು ಕೆರೆದು ಕಿತ್ತಿದ್ದರು. ಸಕ್ಕರೆಯ ಜೊತೆ ಚರ್ಮವೂ ಬಂತು. ಇವರು ಕೂಗಲಿಲ್ಲ. "ಲಿಂಗಪೂಜೆ ಮುಗಿದಿತ್ತಲ್ಲ, ಸದ್ಯ" ಎಂದರು.

ಯಾದವಗಿರಿಯ ಆಸ್ಪತ್ರೆಗೆ ಮಗ ನಾಗಾರ್ಜುನ ಕರೆದುಕೊಂಡು ಹೋಗಿ ಬರುತ್ತಿದ್ದ. ಅವನದು ದೊಡ್ಡ ಅಂಗಡಿ ಬೀದಿಯಲ್ಲಿ ದಿನಸಿ ವ್ಯಾಪಾರ, ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಆಸ್ಪತ್ರೆ. ಸಂಕ್ರಾಂತಿ ಬಂತು, ಹೋಯಿತು. ಎಳ್ಳು ಬೀರುವುದಕ್ಕೆ ಅಂಗಡಿಯಿಂದ ತಂದ ಅಚ್ಚುಗಳೇ ಆದವು. ರಥಸಪ್ತಮಿ ಕಳೆಯುವ ಹೊತ್ತಿಗೆ ಗಾಯದ ಅಂಚಿಗೆ ಅಂಚು ಸೇರಿತು. ಕಟ್ಟು ಬಿಚ್ಚಿ ನೋಡಿದಾಗ ಅಂಗೈ ತುಂಬ ಕೆಂಪು ಚರ್ಮ, ನಯವಾಗಿ ಮಿಂಚುತ್ತಿತ್ತು. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಗಾಯ ಮಾಗಿತಲ್ಲ, ಇನ್ನೇನು ಭಯ ಎಂದುಕೊಂಡೆ.

ಭಯ ಇರುವುದೇ ಮಾಗಿದ ಮೇಲೆ ಎಂದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಮೊದಲು ಕಿರುಬೆರಳು ಬಾಗಿತು. ಊಟದ ತಟ್ಟೆ ಹಿಡಿಯುವಾಗ ನೋಡಿದೆ. ಆಮೇಲೆ ಅದರ ಪಕ್ಕದ್ದು. ದಿನವೂ ನೋಡುವವರಿಗೆ ಕಾಣುವುದಿಲ್ಲ ಅನ್ನುತ್ತಾರೆ, ಸುಳ್ಳು. ನನಗೆ ದಿನವೂ ಕಾಣುತ್ತಿತ್ತು. ಅಂಗೈ ಒಂದು ಬಟ್ಟಲಾಗುತ್ತಿತ್ತು. ಹಾಲು ಕಾಯಿಸಿ ಆರಲು ಬಿಟ್ಟಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಚಮಚದ ತುದಿಯಿಂದ ಒಂದು ಕಡೆ ಹಿಡಿದು ಎಳೆದರೆ ಪೂರಾ ಕೆನೆ ಸುಕ್ಕುಗಟ್ಟಿ ಅತ್ತ ಬರುತ್ತದಲ್ಲ, ಹಾಗೆ ಅಂಗೈಯ ನಡುವಿನ ಕಡೆಗೆ ಎಲ್ಲ ಬೆರಳುಗಳೂ ಬರುತ್ತಿದ್ದವು.

ಆಸ್ಪತ್ರೆಯ ದೊಡ್ಡ ಡಾಕ್ಟರು ಬೆರಳುಗಳನ್ನು ನೇರ ಮಾಡಲು ನೋಡಿದರು. ಇವರ ಹಣೆಯಲ್ಲಿ ಬೆವರೊಡೆಯಿತು. ಡಾಕ್ಟರು ಬಿಟ್ಟರು.

"ಯುಗಾದಿವರೆಗೆ ನೋಡೋಣ. ದಿನಾ ಎಳೆದು ಬಿಡಿಸ್ಬೇಕು, ಪಟ್ಟಿ ಹಾಕ್ಬೇಕು. ಬಿಡಿಸ್ಕೊಳ್ಳಲಿಲ್ಲ ಅಂದ್ರೆ ಕೊಯ್ದು ಬಿಡಿಸಿ, ಆ ಜಾಗಕ್ಕೆ ಬೇರೆ ಚರ್ಮ ಹಾಕ್ತೀವಿ."

"ಬೇರೆ ಚರ್ಮ ಅಂದ್ರೆ?" ಎಂದು ಇವರು ಕೇಳಿದರು.

"ನಿಮ್ಮದೇ ಸ್ವಾಮಿ. ತೊಡೆಯಿಂದ ತೆಗೆದು ಹಾಕೋದು."

ಮನೆಗೆ ಬಂದು ಇವರು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಹಜಾರದಲ್ಲಿ ಕುಳಿತ ಮೇಲೆ ಹೇಳಿದರು.

"ಕೇಳಿದ್ಯೇನೇ? ತೊಡೆ ಚರ್ಮ ತಂದು ಅಂಗೈಗೆ ಹೊಲೀತಾರಂತೆ. ಅದರ ಮೇಲೆ ಲಿಂಗ ಇಡ್ಲಾ ನಾನು? ತೊಡೆ ಮೇಲೆ?"

"ಅಪ್ಪಾಜಿ, ಅಲ್ಲಿಗೆ ಬಂದ್ಮೇಲೆ ಅದು ಅಂಗೈಯೇ ಅಲ್ವಾ?" ಎಂದ ನಾಗಾರ್ಜುನ.

"ನೀನು ಬೇಳೆ ತೂಕ ಹಾಕು ಹೋಗಪ್ಪಾ" ಎಂದರು ಇವರು.

ನನ್ನ ಕಣ್ಣಿಗೆ ಬೇರೊಂದು ಕೈ ಕಾಣುತ್ತಿತ್ತು. ನನ್ನ ಸೋದರತ್ತೆ ಸಿದ್ದಲಿಂಗಮ್ಮನ ಕೈ. ಮಗುವಾಗಿದ್ದಾಗ ಒಲೆಯ ಕೆಂಡಕ್ಕೆ ಕೈ ಇಟ್ಟು, ಗಾಯ ಮಾಗಿ, ಬೆರಳು ಐದೂ ಅಂಗೈಗೆ ಕೂಡಿಕೊಂಡು, ಬದುಕಿರುವವರೆಗೂ ಅದು ಮುಷ್ಟಿಯಾಗಿಯೇ ಉಳಿಯಿತು. ಅದೂ ಎಡಗೈ. ನಮ್ಮಲ್ಲಿ ತೀರಿಹೋದವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅತ್ತೆಯ ಕೈ ಬಿಡಿಸಲು ಆಗಲಿಲ್ಲ. ಕಡೆಗೆ ಲಿಂಗವನ್ನು ಮುಷ್ಟಿಯ ಮೇಲಿಟ್ಟು ಬಟ್ಟೆ ಸುತ್ತಿ ಕಟ್ಟಿದರು. ಆ ಗಂಟು ಹಾಕಿದವರು ಇವರೇ. ಆಗ ನಮಗೆ ಹೊಸದಾಗಿ ಮದುವೆಯಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಇವರು ತಮ್ಮ ಎಡಗೈಯನ್ನು ಬಿಚ್ಚಿ ಮುಚ್ಚಿ ನೋಡಿಕೊಂಡಿದ್ದು ನನಗೆ ನೆನಪಿದೆ. ಈಗ ಇಬ್ಬರೂ ಅತ್ತೆಯ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ.

ಕೈ ಬಿಡಿಸಲು ಆಸ್ಪತ್ರೆಯಿಂದ ಮನೆಗೇ ಒಬ್ಬಳು ಹುಡುಗಿ ಬರತೊಡಗಿದಳು. ಹೆಸರು ಭಾನುಪ್ರಿಯಾ. ಡ್ಯೂಟಿ ಮುಗಿಸಿ ಕೆಸರೆಯ ತನ್ನ ಮನೆಗೆ ಹೋಗುವಾಗ ದಾರಿಯಲ್ಲಿ ಸ್ಕೂಟಿ ನಿಲ್ಲಿಸಿ ಬರುತ್ತಿದ್ದಳು. ಸಣ್ಣ ಆಳು, ಆದರೆ ಬೆರಳುಗಳಲ್ಲಿ ಬಲವಿತ್ತು.

ಮೊದಲ ದಿನ ಇವರು ಕೇಳಿದರು. "ಮನೆ ಎಲ್ಲಮ್ಮ?"

"ಕೆಸರೆ, ತಾತ."

"ಅಲ್ಲಿ ಯಾರ ಮಗಳು?"

"ಚಿಕ್ಕಬಸವಯ್ಯನ ಮಗಳು. ನಮ್ಮನೇಲಿ ಬುದ್ಧನ ಪೂಜೆ. ಇನ್ನೇನು ಕೇಳ್ಬೇಕಿತ್ತು ತಾತ? ಕೇಳ್ಬುಡಿ, ಆಮೇಲೆ ಬೆರಳು ಎಳೆಯುವಾಗ ಮಾತಾಡಕ್ಕಾಗಲ್ಲ."

ಸುಷ್ಮಾ ಒಳಗೆ ನಕ್ಕದ್ದು ಹಜಾರಕ್ಕೆ ಕೇಳಿಸಿತು. ಇವರು ಮುಖ ಕೆಂಪಗೆ ಮಾಡಿಕೊಂಡರು. ಮರುದಿನ ಅವಳು ಬರುವ ಹೊತ್ತಿಗೆ ಎಡಗೈಯ ಮೇಲೆ ತೆಳ್ಳಗಿನ ಬಿಳಿ ಟವಲು ಹೊದಿಸಿಕೊಂಡು ಕುಳಿತಿದ್ದರು. "ಮುಟ್ಟಿದ್ರೆ ಉರಿಯುತ್ತಮ್ಮ" ಎಂದರು. ಅವಳು ಟವಲನ್ನು ನೋಡಿದಳು, ಇವರನ್ನು ನೋಡಿದಳು, ನನ್ನನ್ನೂ ನೋಡಿದಳು. ಟವಲಿನ ಮೇಲಿಂದಲೇ ಬೆರಳು ಹಿಡಿದು ಎಳೆದಳು. "ಬಟ್ಟೆ ಅಡ್ಡ ಇದ್ರೆ ಎಲ್ಲಿ ಬಿಗಿ ಇದೆ ಅಂತ ನನ್ನ ಕೈಗೆ ತಿಳಿಯಲ್ಲ ತಾತ" ಎಂದು ಮಾತ್ರ ಹೇಳಿದಳು.

ಅವಳು ಒಂದು ಬಿಳಿ ಪಟ್ಟಿಯನ್ನೂ ತಂದಿದ್ದಳು. ಗಟ್ಟಿ ಪ್ಲಾಸ್ಟಿಕ್ಕಿನದು, ಅಂಗೈಗೆ ಒತ್ತಿ ಕೂರುವಂಥದು, ಮಣಿಕಟ್ಟಿಗೂ ಬೆರಳುಗಳಿಗೂ ಕಟ್ಟುವ ಬಾರುಗಳಿದ್ದವು. ಊಟ ಸ್ನಾನ ಬಿಟ್ಟರೆ ಹಗಲೂ ರಾತ್ರಿ ಅದು ಕೈಯಲ್ಲಿರಬೇಕು ಎಂದಳು. ಯಾಕೆ ಎಂದು ಇವರು ಕೇಳಿದ್ದಕ್ಕೆ ಮೊಬೈಲ್ ತೆಗೆದು ತೋರಿಸಿದಳು. ನಾನೂ ಕನ್ನಡಕ ಹಾಕಿಕೊಂಡು ಹಿಂದೆ ನಿಂತೆ.

ಕಪ್ಪು ತೆರೆಯ ಮೇಲೆ ಬೆಳ್ಳಗೆ ಏನೋ ಒಂದು. ಹಲ್ಲಿಯ ಹಾಗಿತ್ತು. ಕಾಲೊಂದನ್ನು ಚಾಚಿತು. ಚಾಚಿದ ಕಡೆ ಕಚ್ಚಿಕೊಂಡಿತು. ಆಮೇಲೆ ಮೈಯನ್ನು ಕುಗ್ಗಿಸಿತು. ಸುತ್ತ ಹರಡಿದ್ದ ಸಣ್ಣ ಸಣ್ಣ ನೂಲುಗಳೆಲ್ಲ ಅದರ ಕಡೆಗೆ ವಾಲಿದವು.

"ಇದು ಜೀವಕೋಶ ತಾತ, ಸೆಲ್ಲು. ಕಣ್ಣಿಗೆ ಕಾಣಲ್ಲ, ಇದು ದೊಡ್ಡದು ಮಾಡಿ ತೆಗೆದಿರೋದು. ಗಾಯ ಆದ ಕಡೆಗೆ ಇವು ಬಂದು ಸೇರ್ತಾವೆ. ಪ್ರೋಟೀನಿನ ನಾರು ಮಾಡ್ತಾವೆ, ಆ ನಾರಿಗೆ ಕಾಲು ಊರಿ ಎಳೀತಾವೆ. ಎಳೆದ್ರೆ ಮಡಚ್ಕೊಂಡಿರೋ ನಾರು ಬಿಚ್ಕೊಳ್ಳುತ್ತೆ. ಬಿಚ್ಕೊಂಡ ಕಡೆ ಇನ್ನೊಂದು ನಾರು ಬಂದು ಅಂಟ್ಕೊಳ್ಳುತ್ತೆ. ಹಿಂಗೇ ಬಲೆ ಕಟ್ಟುತ್ತಾ ಹೋಗ್ತಾವೆ."

"ಎಳೆಯೋದು ಯಾತಕ್ಕೆ?"

"ಗಾಯ ಮುಚ್ಚಬೇಕಲ್ಲ. ಅವು ಎಳೀದೇ ಇದ್ದಿದ್ರೆ ನಿಮ್ಮ ಗಾಯ ಇನ್ನೂ ಬಾಯಿ ಬಿಟ್ಕೊಂಡು ಕೂತಿರೋದು."

"ಮುಚ್ತಲ್ಲ. ಇನ್ನು ನಿಲ್ಲಿಸ್ಲಿ."

"ಅದೇ ತೊಂದ್ರೆ ಕಣ್ ತಾತ. ಗಾಯ ಮುಚ್ಚಿದ್ಮೇಲೂ ತಿಂಗಳುಗಟ್ಟಲೆ ಎಳೀತಾನೇ ಇರ್ತಾವೆ. ಕೈ ಬಿಚ್ಚಿಟ್ರೆ ಬಿಚ್ಚಿದ ಅಳತೆಗೆ ನಾರು ಕಟ್ತಾವೆ, ಮುಚ್ಚಿಟ್ರೆ ಮುಚ್ಚಿದ ಅಳತೆಗೆ. ನೀವು ಒಂದೆಳೆ ಜಾಗ ಬಿಟ್ರೂ ಹಿಡ್ಕೊಂಡ್ಬುಡ್ತಾವೆ, ವಾಪಸ್ ಕೊಡಲ್ಲ."

"ನಮ್ಮ ಪಕ್ಕದ ಅಂಗಡಿಯವನ ಥರ" ಎಂದ ನಾಗಾರ್ಜುನ. "ಮೆಟ್ಟಿಲ ಮೇಲೆ ಒಂದು ಮೂಟೆ ಇಟ್ಕೋತೀನಿ ಅಣ್ಣ ಅಂದ. ಈಗ ಮೆಟ್ಟಿಲೇ ಅವನದು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇವರ ಮುಚ್ಚಿದ ಅಂಗೈಯೊಳಗೆ ಈಗ, ಈ ಗಳಿಗೆಯಲ್ಲಿ, ಅಂಥವು ಎಷ್ಟು ಸಾವಿರ ಕಾಲೂರಿ ಎಳೆಯುತ್ತಿವೆಯೋ ಎಂದು ಆ ಕೈಯನ್ನೇ ನೋಡುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹೆಸರುಗಳು ಮರೆತುಹೋದವು. ಎಳೆಯುವುದು ಮರೆಯಲಿಲ್ಲ.

ಇವರು ಪಟ್ಟಿ ಕಟ್ಟಿಸಿಕೊಂಡರು. ಅವಳ ಸ್ಕೂಟಿಯ ಸದ್ದು ಬೀದಿ ದಾಟಿದ ಮೇಲೆ ನನ್ನ ಕಡೆ ಕೈ ಚಾಚಿದರು.

"ಬಿಚ್ಚು."

"ಅಲ್ಲಾ ಕಣ್ರೀ, ಈಗ ತಾನೇ ಕಟ್ಟಿದ್ದಾಳೆ..."

"ಸಂಜೆ ಪೂಜೆ ಆಗ್ಬೇಕು. ಲಿಂಗ ಕೂರೋ ಜಾಗಕ್ಕೆ ಚಪ್ಪಲಿ ತೊಡಿಸಿದಾಳೆ ನೋಡು. ಬಿಚ್ಚು."

ಅವತ್ತಿನಿಂದ ಅದಕ್ಕೆ ಮನೆಯಲ್ಲಿ ಚಪ್ಪಲಿ ಎಂದೇ ಹೆಸರಾಯಿತು. ಚಪ್ಪಲಿಯ ಹಾಗೆಯೇ ಅದನ್ನು ಹಜಾರದ ಆಚೆ ಇಡಿಸುತ್ತಿದ್ದರು. ಬೆಳಗಿನ ಸ್ನಾನವಾದ ಮೇಲೆ ಅದನ್ನು ಮುಟ್ಟುತ್ತಿರಲಿಲ್ಲ. ಪೂಜೆಗೆ ಮುಂಚೆ ಮುಟ್ಟಿದರೆ ಮೈಲಿಗೆ, ಪೂಜೆಯಾದ ಮೇಲೆ ಕಟ್ಟಿದರೆ ಅಪಚಾರ. ಸಂಜೆ ಸ್ಕೂಟಿ ಬರುವ ಹೊತ್ತಿಗೆ ಸರಿಯಾಗಿ, "ತಗೊಂಬಾ ಅದನ್ನ" ಎನ್ನುವರು. ನಾನು ಬಾರುಗಳನ್ನು ಕಟ್ಟುವೆ. ಅವಳು ಬಂದು ಬಿಚ್ಚುವಳು. ದಿನವೆಲ್ಲ ಕೈಯಲ್ಲೇ ಇತ್ತು ಎನ್ನುವ ಹಾಗೆ ಇವರು ಮಣಿಕಟ್ಟು ನೀವಿಕೊಳ್ಳುವರು. ದೇವರಂಥ ಮನುಷ್ಯ, ಒಂದು ಸುಳ್ಳು ಹೇಳಿದವರಲ್ಲ. ಈಗಲೂ ಬಾಯಲ್ಲಿ ಹೇಳಲಿಲ್ಲ ಅನ್ನಿ.

"ಯಾಕೋ ಬಿಡಿಸ್ಕೊಳ್ತಾನೇ ಇಲ್ವಲ್ಲ" ಎಂದು ಭಾನುಪ್ರಿಯಾ ತನ್ನ ಅಳತೆಪಟ್ಟಿಯನ್ನು ಬೆರಳಿಗೆ ಹಿಡಿದು ನೋಡುತ್ತಿದ್ದಳು. "ಪಟ್ಟಿ ಹಾಕ್ಕೊಂಡೂ ಹಿಂದಕ್ಕೆ ಹೋಗ್ತಿದೆ. ಸಕ್ಕರೆ ಕಾಯಿಲೆ ಇದ್ಯಾ ಅಜ್ಜಿ? ನನ್ನ ಕೆಲಸದಲ್ಲೇ ಏನೋ ತಪ್ಪಿದೆ ಅನ್ನಿಸ್ತಿದೆ." ಅವಳ ಮುಖ ಸಣ್ಣಗಾಗುತ್ತಿತ್ತು. ಇವರು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಕಾಫಿ ತರಲು ಒಳಗೆ ಹೋಗುತ್ತಿದ್ದೆ.

ಆದರೆ ಪಟ್ಟಿ ಬಿಚ್ಚಿದ್ದಕ್ಕಿಂತ ಹೆಚ್ಚಿನದೊಂದು ನನಗೆ ಗೊತ್ತಿತ್ತು. ಇವರು ಪೂಜೆಯಲ್ಲಿ ಲಿಂಗವನ್ನು ಹಿಡಿಯುವ ರೀತಿ ಬದಲಾಗಿತ್ತು. ಮೊದಲೆಲ್ಲ ಅಂಗೈ ಚಪ್ಪಟೆ, ಲಿಂಗ ಅದರ ಮೇಲೆ ಆರಾಮವಾಗಿ ಕುಳಿತಿರುತ್ತಿತ್ತು. ಈಗ ಹೊಸ ಚರ್ಮ ನಯ, ಜಾರುತ್ತದೆ, ಅದರಲ್ಲಿ ಸ್ಪರ್ಶವೂ ಸರಿಯಾಗಿ ಇಲ್ಲ. ಬಿದ್ದುಬಿಟ್ಟರೆ ಎಂಬ ಭಯಕ್ಕೆ ಇವರು ಬೆರಳುಗಳನ್ನೆಲ್ಲ ಸುತ್ತ ಕಟ್ಟೆಯಂತೆ ಕಟ್ಟಿ ಹಿಡಿಯುತ್ತಿದ್ದರು. ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಪೂಜೆ ಮುಗಿದ ಮೇಲೂ ಕೈ ಹಾಗೆಯೇ ಇರುತ್ತಿತ್ತು. ಪೇಪರ್ ಓದುವಾಗ, ತೂಕಡಿಸುವಾಗ, ಇಲ್ಲದ ಲಿಂಗವನ್ನು ಕಾಯುತ್ತಿರುವಂತೆ.

ಶಿವರಾತ್ರಿ ಬಂತು. ಬೆಳಗ್ಗೆ ಇವರು ಪೂಜೆಗೆ ಕುಳಿತಾಗ ಬಿಲ್ವಪತ್ರೆ ಕೊಡಲು ನಾನು ಪಕ್ಕದಲ್ಲಿ ಕುಳಿತಿದ್ದೆ. ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟರು. ಅದು ಕೆಳಗೆ ಹೋಗಿ ಕುಳಿತಿತು, ಬಾವಿಗೆ ಇಳಿದಂತೆ. ಮೇಲೆ ಬೆರಳುಗಳು ಬಗ್ಗಿ ನೋಡುತ್ತಿದ್ದವು. ವಿಭೂತಿ ಹಚ್ಚಲು ಬಲಗೈಯ ಬೆರಳು ಒಳಗೆ ಹೋಗಲಿಲ್ಲ. ಒಂದು ದಳ ಇಟ್ಟರು, ಅದು ಬೆರಳುಗಳ ಮೇಲೆಯೇ ನಿಂತಿತು. ದೃಷ್ಟಿ ಇಡಬೇಕಲ್ಲ, ಕಣ್ಣು ಕಿರಿದು ಮಾಡಿ ಬಗ್ಗಿ ಬಗ್ಗಿ ನೋಡಿದರು. ಲಿಂಗದ ಮುಖ ಕಾಣುತ್ತಿರಲಿಲ್ಲ.

ಇವರು ತಲೆ ಎತ್ತಿದರು. ನನ್ನ ಕಣ್ಣಿಗೆ ಕಣ್ಣು ಸಿಕ್ಕಿತು. ನಮ್ಮಿಬ್ಬರ ನಡುವೆ ಸಿದ್ದಲಿಂಗಮ್ಮತ್ತೆ ಬಂದು ಕುಳಿತ ಹಾಗಾಯಿತು.

"ಸ್ವಲ್ಪ ಬಗ್ಗಿದೆ ಅಷ್ಟೆ" ಎಂದರು.

ಉಪವಾಸದ ದಿನವೆಲ್ಲ ಒಂದೇ ಯೋಚನೆ. ಗಂಡನ ಮರ್ಯಾದೆಯನ್ನು ಹೊರಗಿನವರ ಮುಂದೆ ಬಿಡಬಾರದು ಎಂದು ಕಲಿತು ಬೆಳೆದವಳು ನಾನು. ಅದಕ್ಕಿಂತ ಹೆಚ್ಚಾಗಿ, ನಾನೇ ಬಾಯಿಬಿಟ್ಟೆ ಎಂದು ತಿಳಿದರೆ ಇವರು ಕೂಗಾಡುವುದಿಲ್ಲ, ಮಾತು ಬಿಡುತ್ತಾರೆ. ಮಾತು ಬಿಟ್ಟರೆ ತಿಂಗಳಾನುಗಟ್ಟಲೆ. ಆದರೆ ಇನ್ನೊಂದು ಕಡೆ ಆ ಕೈ. ನಾನು ಸುಮ್ಮನಿದ್ದಷ್ಟು ಹೊತ್ತೂ ಅದರೊಳಗಿನವು ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮರುದಿನ ಸಂಜೆ ಸ್ಕೂಟಿಯ ಸದ್ದಾಯಿತು. "ತಗೊಂಬಾ ಅದನ್ನ" ಎಂದರು ಇವರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹೋಗಲಿಲ್ಲ.

"ಲೇ, ಕೇಳಿಸ್ಲಿಲ್ವಾ?"

ಭಾನುಪ್ರಿಯಾ ಒಳಗೆ ಬಂದಳು. ಬರಿಗೈಯನ್ನು ನೋಡಿದಳು. ಪಟ್ಟಿ ಹಜಾರದ ಆಚೆ, ಎಲ್ಲರ ಚಪ್ಪಲಿಗಳ ಪಕ್ಕದಲ್ಲಿ ಇತ್ತು. ಅದನ್ನು ದಾಟಿಯೇ ಅವಳು ಬಂದಿದ್ದಳು.

"ಇದು ಯಾವಾಗ್ಲೂ ಅಲ್ಲೇ ಇರುತ್ತಮ್ಮ" ಎಂದೆ ನಾನು. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು. "ನೀನು ಬರೋ ಹೊತ್ತಿಗೆ ಕಟ್ತೀನಿ, ನೀನು ಹೋದ್ಮೇಲೆ ಬಿಚ್ತೀನಿ. ಪೂಜೇಲಿ ಲಿಂಗ ಬೀಳುತ್ತೆ ಅಂತ ಇವರು ಬೆರಳು ಮಡಚಿ ಹಿಡ್ಕೋತಾರೆ. ಎರಡು ಹೊತ್ತು. ನಿನ್ನ ಕೆಲಸದಲ್ಲಿ ತಪ್ಪಿಲ್ಲ."

ಸುಷ್ಮಾ ಕುಕ್ಕರಿನ ಕೆಳಗಿನ ಉರಿ ಆರಿಸಿದಳು. ಭಾನುಪ್ರಿಯಾ ಗೋಡೆಗೆ ಒರಗಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಅವಳ ಕಣ್ಣು ತುಂಬಿತು.

"ನಾನು ದಿನಾ ಮನೆಗೆ ಹೋಗಿ ಪುಸ್ತಕ ತಿರುವಿ ಹಾಕ್ತಿದ್ದೆ ತಾತ. ಎಲ್ಲಿ ತಪ್ಪಾಯ್ತು ಅಂತ."

ಇವರು ಕಿಟಕಿಯ ಕಡೆ ನೋಡಲಿಲ್ಲ ಈ ಸಲ. ನೆಲ ನೋಡಿದರು.

"ನೀವು ಲಿಂಗ ಹೆಂಗೆ ಹಿಡಿಯೋದು, ನಾನು ನೋಡ್ಬೇಕು" ಎಂದಳು ಅವಳು.

"ಅದೆಲ್ಲ ತೋರಿಸೋ ವಿಷಯ ಅಲ್ಲಮ್ಮ."

"ಮುಟ್ಟಲ್ಲ ತಾತ. ಬಾಗಿಲಲ್ಲೇ ಕೂತ್ಕೋತೀನಿ. ಗೋಡೆ ಮೇಲೆ ಬಸವಣ್ಣನವರ ಪಟ ಇಟ್ಕೊಂಡಿದ್ದೀರಲ್ಲ, ಒಂದ್ಮಾತು ಅವರನ್ನೇ ಕೇಳಿ, ಈ ಹುಡುಗಿ ಕೂರಬಹುದಾ ಅಂತ. ಬ್ಯಾಡ ಅಂದ್ರೆ ಹೊರಟ್ಹೋಗ್ತೀನಿ."

"ಚಿಕ್ಕಬಸವಯ್ಯನ ಮಗಳಿಗೆ ಬಾಯಿ ಜಾಸ್ತಿ" ಎಂದರು ಇವರು. ಆದರೆ ಎದ್ದರು. ಕಾಲು ತೊಳೆದುಕೊಂಡು ಬಂದು ಪೂಜೆಯ ಮಣೆಯ ಮೇಲೆ ಕುಳಿತರು. ಅವಳು ಬಾಗಿಲಲ್ಲಿ ಕುಳಿತಳು, ಇವರು ಕರಡಿಗೆ ತೆರೆದಾಗ ತಾನಾಗಿಯೇ ಕೈಕಟ್ಟಿಕೊಂಡಳು. ಬೆರಳುಗಳ ಬಾವಿಯೊಳಗೆ ಲಿಂಗ ಇಳಿಯುವುದನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ತಾತ, ನಾನು ಪಟ್ಟಿ ಹಾಕಿದ್ದೇ ತಪ್ಪು ಜಾಗಕ್ಕೆ" ಎಂದಳು ಕೊನೆಗೆ. "ಅಜ್ಜಿ, ನೀರು ಕಾಯಿಸ್ತೀರಾ?"

ಸ್ಕೂಟಿಯ ಪೆಟ್ಟಿಗೆಯಿಂದ ಒಂದು ಬಿಳಿ ಹಲಗೆಯಂಥದನ್ನು ತಂದಳು. ಅದೂ ಪ್ಲಾಸ್ಟಿಕ್ಕೇ. ಬಿಸಿನೀರಿಗೆ ಹಾಕಿದರೆ ರೊಟ್ಟಿಹಿಟ್ಟಿನಂತೆ ಮೆತ್ತಗಾಗುತ್ತದೆ, ಆರಿದರೆ ಮತ್ತೆ ಕಲ್ಲು. ಅದೇ ಒಲೆ, ಅದೇ ಆವಿ. ಇವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಆ ಧನುರ್ಮಾಸದ ಬೆಳಗು ಇವರ ಮುಖದ ಮೇಲೆ ಬಂದಿತ್ತು. ಭಾನುಪ್ರಿಯಾ ಇಕ್ಕಳದಲ್ಲಿ ಅದನ್ನು ಎತ್ತಿ, ನೀರು ಒರೆಸಿ, ಮೊದಲು ತನ್ನ ಮಣಿಕಟ್ಟಿನ ಮೇಲೆ ಹಾಕಿಕೊಂಡಳು.

"ನೋಡಿ, ಬೆಚ್ಚಗಿದೆ ಅಷ್ಟೆ. ಕೊಡಿ ಕೈ. ಬೇಗ, ಆರಿಹೋಗುತ್ತೆ."

ಇವರ ಬಲಗೈ ಹೆಗಲ ಮೇಲಿನ ಟವಲಿಗೆ ಹೋಯಿತು.

"ಅದು ಬ್ಯಾಡ ತಾತ, ಹೊತ್ತಿಲ್ಲ!"

ಕೈ ಕೊಟ್ಟರು. ಅವಳು ಬರಿಗೈಯಲ್ಲಿ ಹಿಡಿದುಕೊಂಡು, ಕೈಯ ಬೆನ್ನಿನ ಕಡೆಗೆ ಅದನ್ನು ಹಾಸಿ, ಒಂದೊಂದೇ ಬೆರಳನ್ನು ಹಿಂದಕ್ಕೆ ಒತ್ತಿ ಹಿಡಿದಳು. ಇವರು ಹಲ್ಲು ಕಚ್ಚಿದರು. ಆರುವವರೆಗೆ ಅವಳು ಬಿಡಲಿಲ್ಲ, ಇವರೂ ಎಳೆದುಕೊಳ್ಳಲಿಲ್ಲ. ಟವಲು ಹೊಸ್ತಿಲ ಮೇಲೆ ಬಿದ್ದಿತ್ತು. ಸುಷ್ಮಾ ಅದನ್ನು ಎತ್ತಿಕೊಂಡು ಹೋಗಿ ಒಗೆಯಲು ಹಾಕಿದಳು. ಮತ್ತೆ ಅದರ ಮಾತು ಬರಲಿಲ್ಲ.

ಹೊಸ ಪಟ್ಟಿ ಕೈಯ ಬೆನ್ನಿಗೆ ಕೂರುವಂಥದು. ಬೆರಳ ತುದಿಗಳಿಗೂ ಮಣಿಕಟ್ಟಿಗೂ ಬಾರು. ಅಂಗೈ ಮಾತ್ರ ಬರಿದು.

"ಈಗ ಚಪ್ಪಲಿ ಅನ್ನೋ ಹಾಗಿಲ್ಲ" ಎಂದಳು ಅವಳು. ಆ ಹೆಸರು ಅವಳಿಗೆ ಹೇಗೆ ಗೊತ್ತಾಯಿತೋ, ಸುಷ್ಮಾಳನ್ನೇ ಕೇಳಬೇಕು. "ಲಿಂಗ ಕೂರೋ ಜಾಗ ಖಾಲಿ ಬಿಟ್ಟಿದ್ದೀನಿ. ಪೂಜೆ ಮಾಡುವಾಗ್ಲೂ ಬಿಚ್ಚಬೇಕಾಗಿಲ್ಲ. ಇದನ್ನ ಹಾಕ್ಕೊಂಡೇ ಮಾಡಿ."

"ಬೆರಳು ಕಟ್ಟಿಹಾಕಿದ್ರೆ ಹಿಡಿಯೋದು ಹೆಂಗಮ್ಮ? ಬಿದ್ರೆ?"

"ಹಿಡೀಬೇಡಿ. ಇಟ್ಕೊಳ್ಳಿ."

ಅವಳು ಹೋದ ಮೇಲೆ ಇವರು ನನ್ನ ಹತ್ತಿರ ಮಾತಾಡಲಿಲ್ಲ. ಊಟಕ್ಕೆ ಬಡಿಸಿದರೆ ಉಂಡರು. ಬಿಚ್ಚು ಎಂದೂ ಹೇಳಲಿಲ್ಲ. ಅದೇ ಒಂದು ಸಮಾಧಾನ, ಅದೇ ಒಂದು ಅಂಜಿಕೆ.

ಬೆಳಗ್ಗೆ ಸ್ನಾನಕ್ಕೆ ಪಟ್ಟಿ ಬಿಚ್ಚಿದ್ದನ್ನು ನಾನು ಬಿಸಿಲಲ್ಲಿ ಒಣಗಿಸಿದ ಮಡಿಬಟ್ಟೆಯಲ್ಲಿ ಒರೆಸಿ ದೇವರ ಮನೆಯಲ್ಲೇ ಇಟ್ಟಿದ್ದೆ. ಕಂಡರು. ಕೈ ನೀಡಿದರು, ಕಟ್ಟಿದೆ. ತೊಡೆಯ ಮೇಲೆ ಸಣ್ಣ ಮಣೆಯೊಂದನ್ನಿಟ್ಟು, ಅದರ ಮೇಲೆ ಕೈಯಿಟ್ಟರು. ಬೆರಳುಗಳು ಪೂರ್ತಿ ನೇರವಾಗಿರಲಿಲ್ಲ, ಆದರೂ ಬಾವಿ ತೆರೆದಿತ್ತು. ಬಲಗೈಯಲ್ಲಿ ಲಿಂಗ ತೆಗೆದು ಅಂಗೈಯ ಮೇಲೆ ತಂದರು. ಇಡಲಿಲ್ಲ. ಅಂಗೈ ನಡುಗುತ್ತಿತ್ತು. ಬೆರಳುಗಳು ಮುಚ್ಚಿಕೊಳ್ಳಲು ಹೋಗಿ ಬಾರುಗಳನ್ನು ಜಗ್ಗುತ್ತಿದ್ದವು. ಬಾರು ಬಿಡಲಿಲ್ಲ.

"ಶಾಂತಾ" ಎಂದರು.

ನನ್ನ ಹೆಸರು ಹಿಡಿದು ಇವರು ಕರೆಯುವುದು ಬಹಳ ಅಪರೂಪ.

"ಕೈ ಕೆಳಗೆ ಕೈ ಇಡು."

ಮಣೆಯನ್ನು ಸರಿಸಿ, ಎರಡೂ ಅಂಗೈ ಸೇರಿಸಿ ಇವರ ಕೈಯ ಕೆಳಗೆ ಒಡ್ಡಿದೆ. ಪ್ಲಾಸ್ಟಿಕ್ಕಿನ ಮೂಲಕವೂ ಆ ನಡುಕ ನನಗೆ ಬಂತು. ಲಿಂಗವನ್ನು ಇಟ್ಟರು. ಬಲಗೈ ತೆಗೆದರು. ಅದು ಆ ನಯವಾದ ಕೆಂಪು ಚರ್ಮದ ಮೇಲೆ ಎಳ್ಳಿನಷ್ಟು ಸರಿಯಿತು. ಇನ್ನೂ ಎಳ್ಳಿನಷ್ಟು ಸರಿದು, ಸುಕ್ಕೊಂದರ ಹತ್ತಿರ ನಿಂತಿತು.

ಇವರು ನೋಡುತ್ತಿದ್ದರು. ರೆಪ್ಪೆ ಬಡಿಯಲಿಲ್ಲ. ವಿಭೂತಿ ಹಚ್ಚಿದರು, ಬೆರಳು ಸಲೀಸಾಗಿ ತಾಗಿತು. ದಳ ಇಟ್ಟರು, ನಿಂತಿತು. ನನ್ನ ತೋಳು ಸೋತು ಹೋಗುತ್ತಿತ್ತು, ತೆಗೆಯಲಿಲ್ಲ. ಆ ಒಂದು ತಾಸು ಅಂಗೈಯೊಳಗೆ ಅವು ಒಂದು ಕಡೆಗೆ ಎಳೆಯುತ್ತಿದ್ದವು, ಬಾರುಗಳು ಇನ್ನೊಂದು ಕಡೆಗೆ.

ಹೀಗೇ ನಡೆಯಿತು. ಭಾನುಪ್ರಿಯಾ ಕೆಲವು ದಿನಕ್ಕೊಮ್ಮೆ ನೀರು ಕಾಯಿಸಿ ಪಟ್ಟಿಯನ್ನು ಇನ್ನಷ್ಟು ನೇರ ಮಾಡುವಳು. ಒಂದು ದಿನ ಚರ್ಮ ಬಿರಿದು ರಕ್ತ ಜಿನುಗಿತು. ಹಾಳಾಯಿತು ಎಂದು ನಾನು ಅತ್ತುಬಿಟ್ಟೆ. "ಜಾಸ್ತಿ ಎಳೆದುಬಿಟ್ಟೆ ಅಜ್ಜಿ, ನಂದೇ ಅವಸರ" ಎಂದು ಅವಳು ಒಪ್ಪಿಕೊಂಡು, ಅದು ಆರುವವರೆಗೆ ಹಿಂದಿನ ಅಳತೆಗೇ ಬಂದಳು. ಮತ್ತೆ ನಿಧಾನ. ಇವರು ನನ್ನೊಂದಿಗೆ ಮಾತು ಶುರು ಮಾಡಿದ್ದು ಯಾವತ್ತು ಎಂದು ಹೇಳಲಾರೆ. ಉಪ್ಪು ಕಡಿಮೆಯಾಗಿದೆ ಎಂದರು ಒಂದು ದಿನ, ಅಷ್ಟೇ.

ಯುಗಾದಿ ಕಳೆದು ಆಸ್ಪತ್ರೆಗೆ ಹೋದೆವು. ಡಾಕ್ಟರು ಇವರ ಕೈಯನ್ನು ಮೇಜಿನ ಮೇಲೆ ಬೋರಲಾಗಿ ಇಡಿಸಿದರು. ಅದರ ಕೆಳಗೆ ಬೆಳಕು ಎಲ್ಲಿ ಕಾಣುತ್ತದೆ ಎಂದು ಬಗ್ಗಿ ನೋಡಿದರು. ನಾನೂ ಬಗ್ಗಿದೆ. ಕಿರುಬೆರಳಿನ ಕೆಳಗೆ ಕಂಡಿತು, ಅದರ ಪಕ್ಕದ ಬೆರಳಿನ ಕೆಳಗೆ ಒಂದು ಗೀರಿನಷ್ಟು. ಮಿಕ್ಕ ಕಡೆ ಇಲ್ಲ.

"ಸದ್ಯಕ್ಕೆ ಕತ್ತರಿ ಬೇಡ" ಎಂದರು ಡಾಕ್ಟರು. "ಆದ್ರೆ ಇದು ಮುಗೀತು ಅನ್ಕೋಬೇಡಿ. ಆ ಚರ್ಮ ತಣ್ಣಗಾಗೋಕೆ ಒಂದು ವರ್ಷ ಬೇಕು. ಅಷ್ಟರೊಳಗೆ ಪಟ್ಟಿ ಬಿಟ್ರೆ ಮತ್ತೆ ಮುದುಡುತ್ತೆ."

ಇವರು ಹೊರಗೆ ಬಂದು ಬೆಂಚಿನ ಮೇಲೆ ಕುಳಿತು, ಎಡಗೈಯನ್ನು ಬಿಚ್ಚಿ ಮುಚ್ಚಿ ನೋಡಿಕೊಂಡರು. ಆ ಬಸ್ಸಿನಲ್ಲಿ ನೋಡಿಕೊಂಡಿದ್ದ ಹಾಗೆಯೇ.

ಭಾನುಪ್ರಿಯಾಗೆ ಚಾಮರಾಜನಗರದ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸವಾಗಿತ್ತು. ಅದನ್ನು ಅವಳು ನಮಗೆ ಕಡೆಯವರೆಗೂ ಹೇಳಿರಲಿಲ್ಲ. ಹೇಳಿದ ದಿನ, "ಇನ್ನು ನೀವೇ ಅಜ್ಜಿ" ಎಂದು ನನ್ನ ಬೆರಳು ಹಿಡಿದು ಇವರ ಬೆರಳ ಮೇಲೆ ಇಟ್ಟಳು. ಎಲ್ಲಿ ಒತ್ತಬೇಕು, ಚರ್ಮ ಬಿಳಿಚಿಕೊಂಡ ತಕ್ಷಣ ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಹಾಗೇ ಹಿಡಿದಿರಬೇಕು. "ಎಳೀಬೇಡಿ, ಕಾಯಿರಿ. ನಿಮಗೆ ತಾಳ್ಮೆ ಇದೆ, ಒಳಗೆ ಎಳೀತಿರೋ ಅವಕ್ಕಿಂತ ಜಾಸ್ತಿ" ಎಂದಳು. ಅವಕ್ಕೆ ಎಷ್ಟಿದೆ ಎಂದು ಯಾರಿಗೆ ಗೊತ್ತು.

ಹೊರಡುವಾಗ ಇವರು ಬೀದಿಯವರೆಗೆ ಬಂದರು. ಸ್ಕೂಟಿಯ ಪಕ್ಕ ನಿಂತು ಎರಡೂ ಅಂಗೈ ಜೋಡಿಸಿದರು. ಎಡಗೈಯ ಕಿರುಬೆರಳೊಂದು ಬಲಗೈಗೆ ತಾಗದೆ ಬಾಗಿಯೇ ಇತ್ತು.

"ಶರಣು, ಹೋಗ್ಬಾ ತಾಯಿ."

"ಅಯ್ಯೋ ತಾತ, ಮೊದಲು ಪಟ್ಟಿ ಹಾಕ್ಕೊಳ್ಳಿ, ಆಮೇಲೆ ಕೈ ಮುಗಿಯೋರಂತೆ" ಎಂದಳು. ನಗುತ್ತ ಹೇಳಿದಳು, ಆದರೆ ಕಣ್ಣು ಆ ಕಿರುಬೆರಳ ಮೇಲೆಯೇ ಇತ್ತು.

ಸ್ಕೂಟಿ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಇವರು ನನ್ನ ಕಡೆ ಕೈ ಚಾಚಿದರು. ನಾನು ಬಾರು ಕಟ್ಟಿದೆ. ಗಂಟು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಮತ್ತೆ ಬಿಚ್ಚಿ ಮತ್ತೆ ಕಟ್ಟಿದೆ.

ಭಾನುಪ್ರಿಯಾ ನಮ್ಮ ಮನೆಯಿಂದ ಹೊರಟದ್ದು ಚೈತ್ರದ ಕೊನೆಯ ಗುರುವಾರ, ಸಂಜೆ ದೀಪ ಹಚ್ಚುವ ಹೊತ್ತಿಗೆ.